ಪರದೇಶದ ಬಸ್ಸಿನಲ್ಲಿ ಅವ್ವ

ಕಳೆದ ಸಂಚಿಕೆಯಲ್ಲಿ ಬಾಡಿಗೆ ಮನೆಯ ನಲ್ಲಿಯ ವಿಷಯವಾಗಿ ನಾನು ಬರೆದದ್ದನ್ನು ಓದಿದ ಸಂಘದ ಹಿರಿಯ ಸದಸ್ಯರೊಬ್ಬರು, "ನಿಮಗೆ ಮನೆಯೊಳಗಿನ ಗೋಳು ಬಿಟ್ಟರೆ ಬೇರೆ ವಿಷಯವೇ ಇಲ್ಲವೇನ್ರೀ? ಈಗ ನಮ್ಮ ಮಂದಿ ಪರದೇಶಕ್ಕೆಲ್ಲ ಹೋಗಿ ಬರುತ್ತಾರೆ. ಅಂಥದ್ದೇನಾದರೂ ಬರೆಯಿರಿ" ಎಂದು ಅಪ್ಪಣೆ ಕೊಡಿಸಿದರು. ಹಿರಿಯರ ಮಾತು. ನಾನೂ ಪರದೇಶ ಕಂಡವನೇ ಆದ್ದರಿಂದ ಒಪ್ಪಿಕೊಂಡೆ. ಆದರೆ ವಾಚಕರು ಲಂಡನ್ನು, ಸಿಂಗಾಪುರ ಎಂದೆಲ್ಲ ಆಸೆ ಇಟ್ಟುಕೊಳ್ಳಬಾರದು. ಗುಮಾಸ್ತನ ಪರದೇಶ ಅವನ ಸಂಬಳಕ್ಕೆ ತಕ್ಕಷ್ಟೇ ದೂರದಲ್ಲಿರುತ್ತದೆ. ನಾನು ಕಂಡದ್ದು ನೇಪಾಳ.

ಅದು ಪರದೇಶವೋ ಅಲ್ಲವೋ ಎಂಬ ಬಗ್ಗೆ ನಮ್ಮ ಕಚೇರಿಯಲ್ಲಿಯೇ ಅರ್ಧ ದಿನ ಚರ್ಚೆ ನಡೆಯಿತು. ಸರಕಾರಿ ನೌಕರ ಖಾಸಗಿಯಾಗಿ ವಿದೇಶಕ್ಕೆ ಹೋಗಬೇಕಾದರೆ ಮೊದಲು ಅನುಮತಿ ಪಡೆಯಬೇಕಷ್ಟೆ. ವೀಸಾ ಕೇಳದ, ಪಾಸ್‌ಪೋರ್ಟಿನ ಬದಲು ಮತದಾರರ ಗುರುತು ಚೀಟಿ ತೋರಿಸಿದರೂ ಒಳಗೆ ಬಿಡುವ ನಾಡನ್ನು ವಿದೇಶವೆನ್ನುವುದು ಹೇಗೆ ಎಂದು ಒಬ್ಬರು, ಬೇರೆ ನೋಟು ಚಲಾವಣೆಯಲ್ಲಿದ್ದ ಮೇಲೆ ವಿದೇಶವಲ್ಲದೆ ಮತ್ತೇನು ಎಂದು ಇನ್ನೊಬ್ಬರು. ಕಡೆಗೆ ಗಡಿಯಾರ ನ್ಯಾಯ ಹೇಳಿತು. ನೇಪಾಳದ ವೇಳೆ ನಮ್ಮದಕ್ಕಿಂತ 15 ನಿಮಿಷ ಮುಂದೆ. ಇಷ್ಟು ಸಿಕ್ಕಿದ್ದೇ ತಡ, ಕಡತಕ್ಕೆ ಸಹಿ ಬಿದ್ದಿತು.

2023ರ ನವೆಂಬರಿನಲ್ಲಿ, ದೀಪಾವಳಿ ಮುಗಿಸಿಕೊಂಡು, ನಾವು ನಾಲ್ವರು ಪುಣೆಯಿಂದ ಹೊರಟೆವು: ಅರವತ್ತಾರು ವರ್ಷದ ಅವ್ವ, ನನ್ನ ಕೈಹಿಡಿದಾಕೆ, ಏಳು ವರ್ಷದ ಮಗ, ನಾನು. ಪಶುಪತಿನಾಥನ ದರ್ಶನ ಅವ್ವನ ಬಹುಕಾಲದ ಹಂಬಲ. ಆ ದೇವಸ್ಥಾನದ ಮೂಲಭಟ್ಟರು ಪರಂಪರೆಯಿಂದ ನಮ್ಮ ಕಡೆಯವರೇ ಎಂದು ತಿಳಿದಾಗ ಆಕೆಗೆ ಕಾಠ್ಮಂಡು ಧಾರವಾಡದ ಪಕ್ಕದ ಊರೇ ಆಗಿಹೋಯಿತು. ದರ್ಶನ ಚೆನ್ನಾಗಿಯೇ ಆಯಿತು. ಅದರ ವಿವರ ಈ ಪುಟಕ್ಕೆ ಬೇಡ. ಈ ಪುಟಕ್ಕೆ ಬೇಕಾದದ್ದು ಅಲ್ಲಿಂದ ಪೊಖರಾಕ್ಕೆ ಹೋದ ಬಸ್ಸು.

ಕಾಠ್ಮಂಡುವಿನಿಂದ ಪೊಖರಾ ಸುಮಾರು 200 ಕಿಲೋಮೀಟರು. ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ. ಆದರೆ ಅದೇ ವರ್ಷದ ಜನವರಿ 15ರಂದು ಪೊಖರಾದಲ್ಲಿ ವಿಮಾನ ಬಿದ್ದು 72 ಮಂದಿ ಸತ್ತದ್ದನ್ನು ಅವ್ವ ಟೀವಿಯಲ್ಲಿ ಕಂಡಿದ್ದಳು. "ನೆಲದ ಮ್ಯಾಲ ಹೋಗೂಣು" ಎಂದಳು. ನನ್ನ ಜೇಬೂ ಆ ಮಾತನ್ನೇ ಅನುಮೋದಿಸಿತು. ಬಸ್ಸೆಂದು ಗೊತ್ತಾಯಿತು.

ಇನ್ನು ನನ್ನ ಸಿದ್ಧತೆ. ನಾನು ಟಿಪ್ಪಣಿ ಬರೆಯುವ ಉದ್ಯೋಗದವನು. ಯಾವ ಕೆಲಸಕ್ಕೂ ಮೊದಲು ಒಂದು ಕಡತ ತೆರೆಯದಿದ್ದರೆ ನನಗೆ ನಿದ್ರೆ ಬಾರದು. ಬಸ್ಸಿನ ವಿಷಯವನ್ನೂ ಹಾಗೆಯೇ ಹದಿನೈದು ದಿವಸ ಅಭ್ಯಾಸ ಮಾಡಿದೆ. ಕಲಿತದ್ದನ್ನು ಹೇಳುತ್ತೇನೆ. ಇದರಲ್ಲಿ ಬಹುಪಾಲು ಯಾವ ದೇಶದ ಬಸ್ಸಿಗೂ ಸಲ್ಲುತ್ತದೆ.

ಎಲ್ಲಕ್ಕಿಂತ ಮೊದಲು ಋತು. ಆ ರಸ್ತೆಗಳಲ್ಲಿ ಮಳೆಗಾಲದ ಪ್ರಯಾಣ ಸಲ್ಲದು, ರಾತ್ರಿಯ ಪ್ರಯಾಣವಂತೂ ಬೇಡವೇ ಬೇಡ. ನಾವು ಹೋಗಿಬಂದ ಮರುವರ್ಷ, 2024ರ ಜುಲೈ 12ರ ನಸುಕಿನಲ್ಲಿ, ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿತು. ಅದೇ ಆಗಸ್ಟ್ 23ರಂದು ತನಹುಂ ಜಿಲ್ಲೆಯಲ್ಲಿ ಯಾತ್ರಿಕರ ಬಸ್ಸು ಮರ್ಸ್ಯಾಂಗ್ದಿ ನದಿಗೆ ಉರುಳಿ ನಮ್ಮ ಮಹಾರಾಷ್ಟ್ರದವರೇ 20ಕ್ಕೂ ಹೆಚ್ಚು ಮಂದಿ ಹೋದರು. ಆ ಸುದ್ದಿ ಬಂದ ದಿನ ಅವ್ವ ಊಟ ಮಾಡಲಿಲ್ಲ. ಮೆತ್ತನೆಯ ಆಸನದ ಮಾತೆಲ್ಲ ಆಮೇಲಿನದು. ಅಕ್ಟೋಬರ್, ನವೆಂಬರಿನಲ್ಲಿ, ಹಗಲು ಹೊತ್ತಿನಲ್ಲಿ ಹೋಗಿ.

ಎರಡನೆಯದು ಆಸನ. ಹಿಂದಿನ ಗಾಲಿಯ ಆಚೆಗಿನ ಸಾಲುಗಳು ಕೊಡದವರಿಗೆ ಕೊಡಬೇಕಾದ ಸೀಟುಗಳು. ಒಂದೊಂದು ತಗ್ಗಿಗೂ ಮನುಷ್ಯ ಅಲ್ಲಿ ಗೇಣುದ್ದ ಹಾರುತ್ತಾನೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಕುಳಿತವನಿಗೆ ಕುಲುಕಾಟ ಕಡಿಮೆ. ಇನ್ನು ಎಡಗಡೆಯೋ ಬಲಗಡೆಯೋ? ಇದನ್ನು ನಾನು ನಕಾಶೆ ಹರವಿಕೊಂಡು ತೀರ್ಮಾನಿಸಿದೆ. ಪೊಖರಾ ಇರುವುದು ಕಾಠ್ಮಂಡುವಿನ ಪಶ್ಚಿಮಕ್ಕೆ. ನವೆಂಬರಿನ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಆದ್ದರಿಂದ ಎಡಗಡೆ ಕುಳಿತವರಿಗೆ ಬಿಸಿಲು, ಬಲಗಡೆಯವರಿಗೆ ನೆರಳು. ಮೇಲಾಗಿ ತ್ರಿಶೂಲಿ ನದಿಯೂ, ಮೋಡವಿಲ್ಲದಿದ್ದರೆ ಹಿಮದ ಶಿಖರಗಳೂ ಬಲಕ್ಕೇ. ಟಿಕೆಟು ಕೊಡುವ ಹುಡುಗನಿಗೆ ಇದನ್ನೆಲ್ಲ ವಿವರಿಸಿದೆ. ಅವನು ನನ್ನ ಮುಖ ನೋಡಿ ಬಲಗಡೆಯ ನಾಲ್ಕು ಸೀಟು ಬರೆದುಕೊಟ್ಟ.

ಹೊಟ್ಟೆ ತೊಳಸುವವರು ಮುಂದಿನ ರಸ್ತೆ ಕಾಣುವಂತೆ ಕೂಡಬೇಕು, ಫೋನು ನೋಡಬಾರದು, ಖಾಲಿ ಹೊಟ್ಟೆಯಲ್ಲಾಗಲಿ ಬಿರಿಯುವ ಹೊಟ್ಟೆಯಲ್ಲಾಗಲಿ ಬಸ್ಸು ಹತ್ತಬಾರದು. ಅವೋಮಿನ್ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ನುಂಗಬೇಕು, ವಾಂತಿ ಸುರುವಾದ ಮೇಲೆ ನುಂಗಿದರೆ ಮಾತ್ರೆಯೂ ಅದರೊಡನೆ ಹೊರಕ್ಕೆ. ಅದರಿಂದ ನಿದ್ದೆ ಎಳೆಯುತ್ತದೆ. ವಯಸ್ಸಾದವರು, ಕಣ್ಣಿನ ಒತ್ತಡವೋ ಮೂತ್ರದ ತೊಂದರೆಯೋ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕುತ್ತಿಗೆಗೆ ಸುತ್ತಿಕೊಳ್ಳುವ ಗಾಳಿದಿಂಬು ಒಂದನ್ನು ಕೊಂಡೆ. ಅದು ಕಾಠ್ಮಂಡು ಕಣಿವೆ ದಾಟುವ ಮೊದಲೇ ನಿಟ್ಟುಸಿರುಬಿಟ್ಟು ಮಲಗಿತು. ಅವ್ವನ ಹಳೆಯ ಶಾಲನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಹಿಂದೆ ಇಟ್ಟದ್ದೇ ಉತ್ತಮವಾಯಿತು. ಕಾಲು ನೆಲಕ್ಕೆ ಸರಿಯಾಗಿ ಎಟುಕದವರು ಪಾದದ ಕೆಳಗೆ ಒಂದು ಚೀಲ ಇಟ್ಟುಕೊಂಡರೆ ಆಸನದ ಅಂಚು ತೊಡೆಯನ್ನು ಒತ್ತುವುದಿಲ್ಲ. ತಿನ್ನಲು ಧಪಾಟಿ, ಶೇಂಗಾ ಚಟ್ನಿ, ಬಾಳೆಹಣ್ಣು. ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರ ಅರವತ್ತು. ಅದರಲ್ಲಿ ಸಣ್ಣ ನೋಟುಗಳ ಒಂದು ಕಟ್ಟು ಬೇರೆ.

ಇಷ್ಟೆಲ್ಲ ಇತ್ತು ನನ್ನ ಕಡತದಲ್ಲಿ. ನಾಲ್ವರಿಗೆ ನಾಲ್ಕು ನೀರಿನ ಬಾಟಲಿ ಎಂದೂ ಬರೆದಿದ್ದೆ.

ಬೆಳಗ್ಗೆ ಏಳಕ್ಕೆ ಬಸ್ಸು ಹೊರಟಿತು. ಸೋಫಾ ಸೀಟಿನ ಬಸ್ಸೆಂದು ಹೆಸರು. ಆಸನಗಳೇನೋ ಅಗಲವಾಗಿಯೇ ಇದ್ದವು. ನಾಗಢುಂಗಾದ ಏರು ದಾಟಿ ಕಣಿವೆಯಿಂದ ಹೊರಬಿದ್ದು, ನೌಬಿಸೆಯ ಇಳಿಜಾರಿನಲ್ಲಿ ಲಾರಿಗಳ ಬೆನ್ನು ಹತ್ತಿ, ತ್ರಿಶೂಲಿಯ ದಂಡೆಗೆ ಬಂದೆವು. ನೆರಳು, ನದಿ, ಎಲ್ಲ ಲೆಕ್ಕದಂತೆಯೇ ಬಲಗಡೆಗೆ ಬಂದವು. ನಾನು ಮಡದಿಯ ಕಡೆ ತಿರುಗಿ ನೋಡಿದೆ. ಆಕೆ ಮೆಚ್ಚಿದಂತೆ ಕಾಣಿಸಲಿಲ್ಲ.

ಆ ವರ್ಷ ರಸ್ತೆಯನ್ನು ಅಗಲ ಮಾಡುವ ಕೆಲಸ ನಡೆದಿತ್ತು. ಎಲ್ಲಿ ನೋಡಿದರೂ ಧೂಳು. ಮೂಗಿಗೆ ಕಟ್ಟುವ ಬಟ್ಟೆ ಮಾತ್ರ ನನ್ನ ಕಡತದಲ್ಲಿ ಇರಲಿಲ್ಲ, ಕೊರೊನಾ ಕಾಲದ ಮುಖಗವುಸುಗಳನ್ನು ಮಡದಿ ತನ್ನ ಬುದ್ಧಿಯಿಂದ ತಂದಿದ್ದಳು. ಒಂಬತ್ತೂವರೆಗೆ ಉಪಾಹಾರಕ್ಕೆ ನಿಂತಿತು. ಅಲ್ಲಿ ಶೌಚಾಲಯವಿತ್ತು. ನೇಪಾಳಿಯಲ್ಲಿಯೂ ಅದಕ್ಕೆ ಶೌಚಾಲಯವೆಂದೇ ಹೆಸರು, ಭಾಷೆಯ ತೊಡಕಿಲ್ಲ. ಆದರೆ ಅದರ ಮುಂದೆ ಉದ್ದನೆಯ ಸಾಲು, ಒಳಗಿನ ನೀರು ಹೊರಗೆ ಹರಿದು ಕೆಸರು. ಅವ್ವ ದೂರದಿಂದಲೇ ನೋಡಿ ಬಸ್ಸಿಗೆ ಮರಳಿದಳು. ಮುಗ್ಲಿಂಗಿನ ಈಚೆ ಮಧ್ಯಾಹ್ನದ ಊಟಕ್ಕೆ ನಿಂತಾಗ ನಾವು ಮೂವರು ದಾಲ್–ಭಾತ್ ಹೊಡೆದೆವು. ಅನ್ನ, ಬೇಳೆ, ಪಲ್ಯ ಕೇಳಿದಷ್ಟೂ ಬಡಿಸುವ ಪದ್ಧತಿ. ಅವ್ವ ಒಂದು ಬಾಳೆಹಣ್ಣು ತಿಂದಳು. "ಬಸ್ಸಿನಾಗ ನನಗ ಊಟ ಸೇರೂದಿಲ್ಲ" ಎಂದಳು. ನಾನು ನಂಬಿದೆ.

ಮುಗ್ಲಿಂಗಿನಲ್ಲಿ ಸೇತುವೆ ದಾಟಿ ಪೊಖರಾದ ದಾರಿ ಹಿಡಿದ ಮೇಲೆ, ಆಂಬುಖೈರೇನಿ ಬಿಟ್ಟು ಮುಂದೆ, ವಾಹನಗಳ ಸಾಲು ನಿಂತುಬಿಟ್ಟಿತು. ಒಂದು ಕಡೆಯ ರಸ್ತೆಯನ್ನು ಅಗೆದಿದ್ದರು. ಹತ್ತು ಮಾರು ಹೋಗುವುದು, ಹತ್ತು ನಿಮಿಷ ನಿಲ್ಲುವುದು. ಒಂದು ಗಂಟೆ ಹೀಗೇ ಕಳೆಯಿತು. ಮಡದಿ ಹಿಂದಿನಿಂದ ನನ್ನ ಹೆಗಲು ತಟ್ಟಿದಳು. ಅವ್ವನ ಮುಖ ಬಿಳಿಚಿಕೊಂಡಿತ್ತು. ಕಣ್ಣು ಮುಚ್ಚಿ ಎದುರಿನ ಸರಳನ್ನು ಹಿಡಿದುಕೊಂಡು ಕೂತಿದ್ದಳು. ಪಾದಗಳು ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಮಡದಿ ಅವ್ವನ ಬಾಟಲಿಯನ್ನು ಎತ್ತಿ ನನಗೆ ತೋರಿಸಿದಳು. ಅದು ಕಂಠಮಟ್ಟ ತುಂಬಿಯೇ ಇತ್ತು. ಮುಚ್ಚಳದ ಮುದ್ರೆ ಕೂಡ ಒಡೆದಿರಲಿಲ್ಲ.

"ಅತ್ತೀ, ಮುಂಜಾನಿಂದ ನೀವು ಒಂದು ಗುಟುಕು ನೀರ ಕುಡದಿಲ್ಲ."

"ನನಗ ನೀರಡಿಕಿ ಇಲ್ಲವಾ."

"ನೀರಡಿಕಿ ಇಲ್ಲದ ಏನು? ಇಳೀಬೇಕಾಗೇದೇನು, ಅದನ್ನ ಹೇಳ್ರಿ."

ಅವ್ವ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಮಗನ ಎದುರಿಗೆ ಆಡುವ ಮಾತಲ್ಲ ಅದು.

ಮಡದಿ ನನಗೆ, "ಹೋಗಿ ನಿಲ್ಲಿಸಲಿಕ್ಕೆ ಹೇಳ್ರಿ" ಎಂದಳು. ವಾಚಕರ ಮುಂದೆ ಸುಳ್ಳಾಡಲಾರೆ, ನಾನು ಏಳಲಿಲ್ಲ. ಮುಂದೆ ಯಾವುದಾದರೂ ಹೋಟೆಲು ಬಂದೀತು ಎಂದೆ. ಇಷ್ಟು ಜನರೆದುರಿಗೆ ಹೇಗೆ ಹೇಳುವುದು, ಡ್ರೈವರ್ ಸಿಡುಕಿದರೆ ಏನು ಗತಿ, ಪರದೇಶ ಬೇರೆ ಎಂದೆಲ್ಲ ಮನಸ್ಸು ಟಿಪ್ಪಣಿ ಬರೆಯತೊಡಗಿತು. ಹಿಂದಿಯಲ್ಲಿ ಒಂದು ಸಭ್ಯವಾದ ವಾಕ್ಯವನ್ನು ತಯಾರಿಸಿ, ತಿದ್ದಿ, ಮತ್ತೆ ತಿದ್ದುತ್ತ ಕುಳಿತೆ. ಬಸ್ಸು ಹೇಗೂ ಮುಕ್ಕಾಲು ಪಾಲು ನಿಂತೇ ಇತ್ತೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಮ್ಮ ಆಚೆ ಬದಿಯ ಒಂಟಿ ಸೀಟಿನಲ್ಲಿ ನಡುವಯಸ್ಸಿನ ಒಬ್ಬ ನೇಪಾಳಿ ಹೆಂಗಸು ಕುಳಿತಿದ್ದಳು. ನಮ್ಮ ಕನ್ನಡ ಆಕೆಗೆ ತಿಳಿಯದು, ಆದರೆ ಅವ್ವನ ಮುಖ ತಿಳಿಯಿತು. ಕುಳಿತಲ್ಲಿಂದಲೇ ಬಸ್ಸಿಗೆಲ್ಲ ಕೇಳಿಸುವಂತೆ, "ದಾಯ್, ಗಾಡಿ ರೋಕ್ನುಸ್!" ಎಂದು ಕೂಗಿದಳು. ಅಣ್ಣಾ, ಗಾಡಿ ನಿಲ್ಲಿಸಿ ಎಂದರ್ಥ. ಡ್ರೈವರ್ ಸಿಡುಕಲಿಲ್ಲ, ತಿರುಗಿ ಕೂಡ ನೋಡಲಿಲ್ಲ. ಬದಿಗೆ ಒತ್ತಿ ನಿಲ್ಲಿಸಿದ. ಬಾಗಿಲು ತೆರೆಯಿತು.

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಮಡದಿ ಅವ್ವನ ಕೈಹಿಡಿದು ಇಳಿಸಿದಳು. ಆ ಹೆಂಗಸೂ ಇಳಿದಳು. ಅವರ ಹಿಂದೆ ಎರಡನೆಯ ಸಾಲಿನ ಕಾಲೇಜು ಹುಡುಗಿ, ಅವಳ ಹಿಂದೆ ಕೂಸನ್ನು ಗಂಡನ ತೊಡೆಗೆ ದಾಟಿಸಿ ಒಬ್ಬ ಬಾಣಂತಿ, ಆಮೇಲೆ ಬಂಗಾಳದ ಇಬ್ಬರು ಮುದುಕಿಯರು, ಕಡೆಗೆ ಒಬ್ಬ ಬಿಳಿಯ ಹೆಂಗಸು. ಒಟ್ಟು ಎಂಟು ಮಂದಿ. ಇವರೆಲ್ಲ ಅಷ್ಟು ಹೊತ್ತು ಯಾರಾದರೂ ಕೂಗಲಿ ಎಂದು ಕಾಯುತ್ತ ಕುಳಿತವರು. ಬಸ್ಸಿನಲ್ಲಿ ಉಳಿದ ಗಂಡಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರಸ್ತೆಯ ಬದಿಗೆ ಒಂದು ತಗಡಿನ ಮನೆ. ಆ ಮನೆಯಾಕೆ ಹಿತ್ತಿಲ ಬಾಗಿಲು ತೆರೆದು, ಬಕೆಟ್ಟಿನಲ್ಲಿ ನೀರು ತುಂಬಿಸಿ ಕೊಟ್ಟಳಂತೆ. ಮಡದಿ ಕೊಡಹೋದ ನೋಟನ್ನು ನಮ್ಮ ಮಗನ ಅಂಗಿಯ ಜೇಬಿಗೇ ತುರುಕಿದಳು. ಅವ್ವ ಮರಳಿ ಬಂದು ಅರ್ಧ ಬಾಟಲಿ ನೀರು ಒಂದೇ ಸಮನೆ ಕುಡಿದಳು. ಸಂಜೆ ಐದಕ್ಕೆ ಪೊಖರಾ ಸೇರಿದೆವು. 200 ಕಿಲೋಮೀಟರಿಗೆ ಹತ್ತು ಗಂಟೆ.

ವೈದ್ಯರು ಹೇಳುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಮೂತ್ರವನ್ನು ಗಂಟೆಗಟ್ಟಲೆ ತಡೆಯುವುದು, ಅದಕ್ಕಾಗಿ ನೀರು ಬಿಡುವುದು, ಇವು ಉರಿಮೂತ್ರಕ್ಕೂ ತಲೆಸುತ್ತಿಗೂ ಆಹ್ವಾನ. ರಕ್ತದೊತ್ತಡದ ಮಾತ್ರೆ ನುಂಗುವ ಮುದುಕರಿಗಂತೂ ಇನ್ನೂ ಕೆಟ್ಟದ್ದು. ಕಾಲು ಬಾಯುವುದು ಇನ್ನೊಂದು. ಮೀನಖಂಡ ಅಲುಗಾಡಿದರೆ ತಾನೆ ಪಾದದ ರಕ್ತ ಮೇಲಕ್ಕೇರುವುದು. ವಿಮಾನವಾಗಲಿ, ರೈಲಾಗಲಿ, ಬಸ್ಸಾಗಲಿ, 4 ಗಂಟೆಗಿಂತ ಹೆಚ್ಚು ಕಾಲ ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿತು. ಗಾಬರಿ ಬೇಡ. ಅಲ್ಲಾಡದೆ ಹಾಗೆ ಕುಳಿತ 6,000 ಮಂದಿಯಲ್ಲಿ ಒಬ್ಬರಿಗೆ ಆಗಬಹುದೆಂದೂ ಅದೇ ಲೆಕ್ಕ ಹೇಳುತ್ತದೆ. ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಇಪ್ಪತ್ತು ಸಲ. ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ. ಒಂದೇ ಕಾಲು ಬಾತು ನೋಯತೊಡಗಿದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ.

ಆ ರಾತ್ರಿ ಪೊಖರಾದ ಕೋಣೆಯಲ್ಲಿ ಅವ್ವ ದಿಂಬಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಮಗ ಮಲಗಿದ್ದ. ನಾನು, "ನನಗ ಹೇಳಬಾರದಿತ್ತೇನವ್ವಾ?" ಎಂದೆ.

"ಏನು ಹೊಸಾದಲ್ಲ ತಮ್ಮಾ ಇದು. ನೀ ಸಣ್ಣಾಂವಿದ್ದಾಗ ಪುಣೇದಿಂದ ಧಾರವಾಡಕ್ಕ ಬಸ್ಸಿನಾಗ ಹೋಗತಿದ್ದಿವಲ್ಲ, ಸಂಜೀ ನಾಲ್ಕು ಹೊಡದ ಮ್ಯಾಲ ನಾ ನೀರ ಮುಟ್ಟತಿರಲಿಲ್ಲ. ರಾತ್ರಿ ಎಲ್ಲ್ಯರೆ ಬಸ್ ನಿಂತರ ಗಂಡಸರು ಕತ್ತಲದಾಗ ಹೋಗಿ ಬರತಿದ್ದರು. ನಿಮ್ಮಪ್ಪ ನನಗಂತ ಚಹಾ ತಂದು ಕಿಟಕ್ಯಾಗ ಕೊಡತಿದ್ದರು. ಅವರು ಆ ಕಡೆ ಹೊಳ್ಳಿದರ ನಾ ಈ ಕಡೆ ಚೆಲ್ಲತಿದ್ದೆ."

"ಅಪ್ಪಗ ಹೇಳಲಿಲ್ಲ ಯಾಕ?"

"ಏನಂತ ಹೇಳಲಿ?"

ಆ ಪ್ರಯಾಣಗಳು ನನಗೆ ಚೆನ್ನಾಗಿ ನೆನಪಿವೆ. ಕಾತ್ರಜ ಘಾಟು, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿದ ಕೂಡಲೇ ಕನ್ನಡದ ಪಾಟಿಗಳು, ನಸುಕಿನ ಬೆಳಗಾವಿ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖವಾದ ನಿದ್ದೆ ಇನ್ನೊಂದಿಲ್ಲ. ತಲೆಯ ಕೆಳಗೆ ಅವ್ವನ ತೊಡೆ, ನಾನು ಎಚ್ಚರವಾದೇನೆಂದು ಆಕೆ ಅದನ್ನು ಅಲುಗಿಸುತ್ತಲೂ ಇರಲಿಲ್ಲ. ಕಿಟಕಿಯಿಂದ ಚಹಾ ಚೆಲ್ಲಿದ್ದು ನಾನು ಕಾಣಲಿಲ್ಲ. ಅಪ್ಪನೂ ಕಾಣದೆಯೇ ಹೋದರು. ತೀರಿಕೊಂಡು ಆರು ವರ್ಷವಾಗಿತ್ತು.

ಮೂರು ದಿನ ಫೇವಾ ಕೆರೆಯ ದಂಡೆಯಲ್ಲಿ ಕಳೆದು ಮರಳಿ ಅದೇ ರಸ್ತೆ. ಈ ಸಲ ಪೂರ್ವಾಭಿಮುಖ ಪ್ರಯಾಣವಾದ್ದರಿಂದ ನೆರಳು ಎಡಗಡೆಗೆ. ಆದರೆ ಆಸನಕ್ಕೆ ಮೊದಲು ಮಾಡಿದ ಕೆಲಸ ಬೇರೆ. ಸಾಮಾನು ಏರಿಸುತ್ತಿದ್ದ ಖಲಾಸಿ ಹುಡುಗನನ್ನು ಪಕ್ಕಕ್ಕೆ ಕರೆದು, ನಮ್ಮ ತಾಯಿಗೆ ಎರಡು ತಾಸಿಗೊಮ್ಮೆ ಇಳಿಯಬೇಕಾಗುತ್ತದೆ, ಸ್ವಚ್ಛವಾದ ಜಾಗ ನಿನಗೇ ಗೊತ್ತು, ಅಲ್ಲಿ ನಿಲ್ಲಿಸು ಎಂದು ಹಿಂದಿಯಲ್ಲಿ ಹೇಳಿದೆ. ತಿದ್ದುಪಡಿ ಇಲ್ಲದ ವಾಕ್ಯ. ಅವನು, "ಆಮಾ ಹೇಳಿದಾಗ ನಿಲ್ಲಿಸೋಣ" ಎಂದುಬಿಟ್ಟ. ಮಾತು ಅಷ್ಟಕ್ಕೇ ಮುಗಿಯಿತು. ಇದಕ್ಕಾಗಿ ನಾನು ಮೊನ್ನೆ ಅಷ್ಟೊಂದು ಬೆವೆತಿದ್ದೆ.

ಮಡದಿ ಮಾತ್ರ ಇಷ್ಟಕ್ಕೆ ಬಿಡಲಿಲ್ಲ. "ಅವರು ಹೇಳೂದಲ್ಲ ಅತ್ತೀ, ನೀವ ಕೂಗಬೇಕು" ಎಂದು ಹಿಂದಿನ ರಾತ್ರಿಯೇ ಪಾಠ ಮಾಡಿಸಿದ್ದಳು. ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ದಮೌಲಿಗೆ ಇಷ್ಟು, ಮುಗ್ಲಿಂಗಿಗೆ ಇಷ್ಟು ಎಂದು ಗುರುತು ಹಾಕಿದ್ದಳು. ನನ್ನ ಮಗ ಅದರ ಲೆಕ್ಕಾಧಿಕಾರಿ. "ಅಜ್ಜಿ, ಇನ್ನೂ ಎರಡು ಬೆರಳು ಕುಡೀಬೇಕು" ಎಂದು ಆಗಾಗ ಆಕ್ಷೇಪಣೆ ಹಾಕುತ್ತಿದ್ದ.

ದಮೌಲಿಯಲ್ಲಿ ಹುಡುಗನೇ ನಿಲ್ಲಿಸಿದ. ಮುಗ್ಲಿಂಗಿನಲ್ಲಿ ಊಟ. ಅವ್ವ ಅನ್ನ, ಮೊಸರು ಉಂಡಳು. ಅಲ್ಲಿಂದ ಮುಂದೆ ಮಲೇಖು ಎಂಬ ಊರು, ತ್ರಿಶೂಲಿಯ ಮೀನನ್ನು ಕರಿದು ರಸ್ತೆಯುದ್ದಕ್ಕೂ ಮಾರುವ ಜಾಗ. ವಾಸನೆ ಬರುತ್ತಲೇ ಅವ್ವ ಸೆರಗನ್ನು ಮೂಗಿಗೆ ಹಿಡಿದಳು. ಇಲ್ಲಿ ಮಾತ್ರ ನಿಲ್ಲಿಸದಿರಲಿ ಎಂದುಕೊಳ್ಳುತ್ತಿದ್ದಾಳೆಂದು ನಾನು ತಿಳಿದೆ. ಸೆರಗಿನೊಳಗಿನಿಂದಲೇ ಒಮ್ಮೆಲೆ, ಧಾರವಾಡದ ಸಂತೆಗೆ ಸಲ್ಲುವ ಸ್ವರದಲ್ಲಿ, "ದಾಯ್! ರೋಕ್ನುಸ್!" ಎಂದು ಕೂಗಿದಳು.

ಬಸ್ಸೆಲ್ಲ ನಕ್ಕಿತು. ಆ ಖಲಾಸಿಗೆ ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಅಣ್ಣಾ ಎನ್ನುವ ಬದಲು ತಮ್ಮಾ ಎಂದು ಕರೆಯಬೇಕಾಗಿತ್ತು, ಅದಕ್ಕೆ ಅಲ್ಲಿ 'ಭಾಯ್' ಎನ್ನುತ್ತಾರೆ. ಅವನೂ ನಗುತ್ತ ಬಸ್ಸಿನ ತಗಡನ್ನು ಎರಡು ಸಲ ಬಡಿದ. ಬಸ್ಸು ನಿಂತಿತು. ಅವ್ವ ಯಾರ ಕೈಯನ್ನೂ ಹಿಡಿಯದೆ, ಎಲ್ಲರಿಗಿಂತ ಮೊದಲು ಇಳಿದಳು.